ಎಣಿಸದೆ ನೋಡುತ್ತಿದ್ದವಳು

ಮನುಷ್ಯರನ್ನು ಹಿಂದಿನಿಂದ ನೋಡಬೇಕು ಎಂದು ನನಗೆ ಹೇಳಿಕೊಟ್ಟವಳು ಆಕೆ. "ಮುಂದಿಂದ ನೋಡಿದ್ರ ಎಲ್ಲಾರೂ ಚಲೋನ ಕಾಣ್ತಾರ್ರಿ ಅಕ್ಕಾರ. ಮಾರಿ ಅಂದ್ರ ಮನ್ಯಾಗ ತಯಾರ ಮಾಡಿಕೊಂಡ ಬಂದದ್ದು. ಬೆನ್ನ ಯಾರೂ ತಯಾರ ಮಾಡಂಗಿಲ್ಲ" ಎನ್ನುತ್ತಿದ್ದಳು. ಈಗಲೂ ಗೋಕಾಕದ ಪೇಟೆಗೆ ಕಾಯಿಪಲ್ಲೆ ತರಲು ಹೋದಾಗ ನನ್ನ ಮುಂದೆ ನಡೆಯುವವರ ಬೆನ್ನುಗಳನ್ನು ನೋಡುತ್ತೇನೆ. ಒಮ್ಮೊಮ್ಮೆ ಒಂದು ಬೆನ್ನು ಆಕೆಯದೇ ಅನ್ನಿಸಿ ಕಾಲು ನಿಂತುಬಿಡುತ್ತದೆ. ಎಡಭುಜ ತುಸು ಕೆಳಗೆ, ಅಲ್ಲೊಂದು ಕುರಿಮರಿ ಕೂತಿದೆಯೇನೋ ಎಂಬಂತೆ. ಆಮೇಲೆ ಆ ಹೆಂಗಸು ತಿರುಗುತ್ತಾಳೆ. ಬೇರೆ ಯಾರೋ. ಆಕೆ ತೀರಿಕೊಂಡು ಎರಡು ತಿಂಗಳಾಯಿತು.

ಹೆಸರು ಬರೆಯುವುದಿಲ್ಲ. ಬರೆಯಬೇಕೆಂದಿದ್ದೆ, ಆಕೆಯ ಮಗಳು ಬೇಡವೆಂದಳು. "ಅವ್ವಗ ತನ್ನ ಹೆಸರ ಕಾಗದದಾಗ ಬರೂದಂದ್ರ ಅಂಜಿಕಿ ಇತ್ರಿ ಟೀಚರ್" ಅಂದಳು. ಆ ಅಂಜಿಕೆ ಹುಟ್ಟಿದ್ದು ನನ್ನಿಂದ. ಆಕೆಯ ಪರವಾಗಿ ನಾನು ಹೇಳಬೇಕಿದ್ದ ಮಾತು ಒಂದೇ ಒಂದು. ಅದನ್ನು ಆಕೆಯ ಮನೆಯವರ ಮುಂದೆ ಹೇಳಲು ನನಗೆ ಹದಿಮೂರು ವರ್ಷ ಹಿಡಿಯಿತು. ಹೇಳಿದಾಗ ಕೇಳಲು ಆಕೆ ಇರಲಿಲ್ಲ.

ನಾನು ಹುಟ್ಟಿದ್ದು ಗೋಕಾಕದಲ್ಲಿ, ಓದಿದ್ದು ಬೆಳಗಾವಿಯ ಒಂದು ಕಾನ್ವೆಂಟ್ ಬೋರ್ಡಿಂಗಿನಲ್ಲಿ. ಅಲ್ಲಿ ಕನ್ನಡ ಮಾತಾಡಿ ಸಿಕ್ಕಿಬಿದ್ದರೆ ಕೊರಳಿಗೆ ಒಂದು ಮರದ ಬಿಲ್ಲೆ ಹಾಕುತ್ತಿದ್ದರು. ಮುಂದೆ ಇನ್ಯಾರಾದರೂ ಕನ್ನಡ ಆಡುವುದನ್ನು ಹಿಡಿದು ಅವಳ ಕೊರಳಿಗೆ ದಾಟಿಸುವ ತನಕ ಆ ಬಿಲ್ಲೆ ನಮ್ಮದೇ. ಹೀಗಾಗಿ ನಾನು ಬಾಯಿ ಮುಚ್ಚಿಕೊಂಡು, ಬೇರೆಯವರು ಬಾಯಿಬಿಡುವುದನ್ನು ಕಾಯುವುದು ನನಗೆ ಸಣ್ಣಂದಿನಿಂದಲೇ ಬಂದ ವಿದ್ಯೆ. ಸಿಸ್ಟರ್‌ಗಳ ಮೇಲೆ ಸಿಟ್ಟಿಲ್ಲ. ಅವರು ಕಲಿಸಿದ ಇಂಗ್ಲಿಷ್ ನನಗೆ ಅನ್ನ ಕೊಟ್ಟಿತು. ಮದುವೆಯಾಗಿ ಮಸ್ಕತ್ತಿಗೆ ಹೋದೆ, ಅಲ್ಲಿಯ ಒಂದು ಇಂಡಿಯನ್ ಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಇಂಗ್ಲಿಷ್ ಕಲಿಸಿದೆ. ನಡುವೆ ಯಜಮಾನರು ತೀರಿಕೊಂಡರು. ಮಕ್ಕಳಿರಲಿಲ್ಲ. ವೀಸಾ ನನ್ನ ಹೆಸರಿನಲ್ಲೇ ಇತ್ತು, ನೌಕರಿ ಇರುವ ತನಕ ಉಳಿಯೋಣವೆಂದು ಉಳಿದೆ.

ಆಕೆ ನಮ್ಮ ಸ್ಕೂಲ್ ಬಸ್ಸಿನ ಅಟೆಂಡೆಂಟ್. ಮಕ್ಕಳನ್ನು ಹತ್ತಿಸಿ ಇಳಿಸುವ, ವಾಂತಿ ಮಾಡಿಕೊಂಡರೆ ಒರೆಸುವ, ಜಗಳ ಬಿಡಿಸುವ ಕೆಲಸ. ಮಕ್ಕಳು ಅಲ್ಲಿಯ ರೂಢಿಯಂತೆ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದರು. ಅದೇ ಬಸ್ಸಿನಲ್ಲಿ ಹೋಗಿಬರುತ್ತಿದ್ದ ನಾನು ಬಸ್ ಇನ್‌ಚಾರ್ಜ್ ಟೀಚರ್. ಮೊದಲ ದಿನ ಆಕೆ ಮೆಟ್ಟಿಲು ಹತ್ತಿ, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, ಯಾರಿಗೂ ಅಲ್ಲ ಎಂಬಂತೆ ಅಂದಳು: "ಏನ ಬಿಸಲಪ್ಪಾ ಇದು. ಹಂಚಿನ ಮ್ಯಾಲ ಕುಂತಂಗಾತು."

ಎಷ್ಟು ವರ್ಷದ ಮೇಲೆ ಕೇಳಿದ ಮಾತು ಅದು. ನಮ್ಮ ಸೀಮೆಯ ಆ ಎಳೆತ, ಆ ಅಪ್ಪಾ. ಎದೆಯೊಳಗೆ ಏನೋ ಎದ್ದು ಕೂತಿತು. ಮತ್ತು ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

ಯಾಕೆ ಎಂದು ಈಗ ಕೇಳಿಕೊಂಡರೆ ಉತ್ತರ ನಾಚಿಕೆಯದು. ಪರದೇಶದಲ್ಲಿ ನಮ್ಮವರು ನಮ್ಮವರನ್ನು ಗುರುತು ಹಿಡಿಯುವ ರೀತಿಯೇ ಬೇರೆ. ಮೊದಲು ಚಪ್ಪಲಿ ನೋಡುತ್ತೇವೆ, ಆಮೇಲೆ ಕೈಯೊಳಗಿನ ಚೀಲ, ಆಮೇಲೆ ಯಾವ ಊರು ಎಂದು ಕೇಳಬೇಕೋ ಬೇಡವೋ ನಿಶ್ಚಯಿಸುತ್ತೇವೆ. ಊರಿನಲ್ಲಿ ಜಾತಿ ಮಾಡುವ ಕೆಲಸವನ್ನು ಅಲ್ಲಿ ವೀಸಾದ ಮೇಲೆ ಬರೆದ ಹುದ್ದೆ ಮಾಡುತ್ತದೆ. ನಾನು ಟೀಚರ್, ಆಕೆ ಕ್ಲೀನರ್ ವೀಸಾದವಳು. ಒಮ್ಮೆ ಊರು ಒಂದೇ ಅಂತ ಒಪ್ಪಿಕೊಂಡರೆ ನಾಳೆ ಮನೆಗೆ ಬಂದಾಳು, ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕರೆದಾಳು. ಈ ಲೆಕ್ಕಾಚಾರವೆಲ್ಲ ಮನಸ್ಸಿನಲ್ಲಿ ಅರೆ ಕ್ಷಣದಲ್ಲಿ ನಡೆದುಹೋಗುತ್ತದೆ, ಮಾಡಿದವರಿಗೂ ತಿಳಿಯುವುದಿಲ್ಲ.

ನಾಲ್ಕು ತಿಂಗಳು ಆಕೆಯ ಜೊತೆ ಹಿಂದಿಯಲ್ಲೇ ಮಾತಾಡಿದೆ. ಒಂದು ದಿನ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ, ನನ್ನ ಮೊಣಕಾಲು ಮುಂದಿನ ಸೀಟಿನ ಕಬ್ಬಿಣಕ್ಕೆ ಬಡಿಯಿತು. "ಯವ್ವಾ" ಅಂದುಬಿಟ್ಟೆ.

ಆಕೆ ತಿರುಗಲಿಲ್ಲ. ಕೆಳಗೆ ಬಿದ್ದ ಒಂದು ಮಗುವಿನ ವಾಟರ್ ಬಾಟಲ್ ಎತ್ತಿಕೊಡುತ್ತಲೇ ಕೇಳಿದಳು: "ಭಾಳ ಬಡೀತೇನ್ರಿ?"

ಸುಮ್ಮನಿರಲಾಗಲಿಲ್ಲ. "ಯವ್ವಾ ಅಂದಿದ್ದಕ್ಕ ಗೊತ್ತಾತೇನು, ನಾ ನಿಮ್ಮ ಕಡೆಯಾಕಿ ಅಂತ?"

"ಅದಕ್ಕಲ್ರಿ. ಮೊದಲನೇ ದಿನಾನ ಗೊತ್ತಿತ್ತು."

"ಹ್ಯಾಂಗ?"

"ನಾ ಬಿಸಲಿಗಿ ಬೈದಾಗ ಬಸ್ಸಿನಾಗ ಇದ್ದವರೆಲ್ಲಾ ಇದ್ಯಾವ ಭಾಷಾ ಅಂತ ನನ್ನ ಕಡೆ ನೋಡಿದ್ರು. ನೀವೊಬ್ಬರ ಕಿಡಕ್ಯಾಗ ನೋಡಿದ್ರಿ. ತಿಳೀದಾಕಿ ತಿರುಗಿ ನೋಡತಾಳ್ರಿ. ತಿಳದಾಕಿ ನೋಡಂಗಿಲ್ಲ."

"ಮತ್ತ ನಾಕ ತಿಂಗಳ ಸುಮ್ನ ಯಾಕ ಇದ್ದಿ?"

"ನಿಮಗ ಬ್ಯಾಡಾಗಿತ್ತೆಲ್ಲ" ಅಂದಳು, ಅಷ್ಟೇ ಸಹಜವಾಗಿ. ಅದರಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಂದಿನಿಂದ ಆಕೆ ನನಗೆ ಅಕ್ಕಾರ ಅನ್ನತೊಡಗಿದಳು, ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರನ್ನು ಕರೆಯುವಂತೆ. ಯಮಕನಮರಡಿಯಿಂದ ಒಳಗೆ ಒಂದು ಹಳ್ಳಿ ಆಕೆಯದು. ಕುರಿ ಕಾಯುವ ಮನೆತನ. ಗಂಡ ಲಾರಿ ಹೊಡೆಯುತ್ತಿದ್ದ, ಹೆದ್ದಾರಿಯಲ್ಲೇ ಅಪಘಾತದಲ್ಲಿ ಹೋಗಿಬಿಟ್ಟ. ಒಬ್ಬಳೇ ಮಗಳನ್ನು ಮೂಡಲಗಿಯಲ್ಲಿದ್ದ ತನ್ನಕ್ಕನ ಮನೆಯಲ್ಲಿ ಸಾಲಿಗೆ ಬಿಟ್ಟು, ಮನೆಗೆಲಸಕ್ಕೆಂದು ಮಸ್ಕತ್ತಿಗೆ ಬಂದವಳು, ಆಮೇಲೆ ಬಸ್ ಕಾಂಟ್ರ್ಯಾಕ್ಟರನ ಕೈಕೆಳಗೆ ಸೇರಿದಳು. ಅಕ್ಕ ತೀರಿಕೊಂಡ ಮೇಲೆ ಮಗಳನ್ನು ಹಾಸ್ಟೆಲಿಗೆ ಹಾಕಿದ್ದಳು. ಅಣ್ಣ ಒಬ್ಬ ಇದ್ದ, ಕುರಿ ಹಿಂಡು ಅವನದು. ಅವನ ಮಾತು ಬಂದಾಗ ಆಕೆಯ ದನಿ ಬದಲಾಗುತ್ತಿತ್ತು. "ನಮ್ಮಣ್ಣ ಹಟ್ಟ್ಯಾಗಿನ ಮರಿ ನನ್ನ ಕೈಯಾಗ ಬಿಟ್ಟ ಬೇರೆ ಯಾರ ಕೈಯಾಗೂ ಕೊಡತಿರಲಿಲ್ರಿ" ಅನ್ನುವಾಗ ಯೂನಿವರ್ಸಿಟಿ ಗೋಲ್ಡ್ ಮೆಡಲ್ ಹೇಳಿಕೊಂಡ ಹಾಗೆ. ಹಿಂಡು ಮೇಯಲು ಹೋದಾಗ ಎಳೆಮರಿಗಳು ಹಟ್ಟಿಯಲ್ಲೇ ಉಳಿಯುತ್ತವಂತೆ. ಅವನ್ನು ನೋಡಿಕೊಳ್ಳುವುದು ಹೆಂಗಸರ ಪಾಲು, ಎಲ್ಲರಿಗೂ ಒಪ್ಪಿಸುವುದಿಲ್ಲ.

ಸಮುದ್ರದಂಡೆಯ ರಸ್ತೆಯಲ್ಲಿ ಬಸ್ಸು ಸಿಗ್ನಲ್ಲಿಗೆ ನಿಂತಾಗ ಆಕೆ ಹೊರಗೆ ನೋಡುತ್ತ ಕಾಮೆಂಟರಿ ಕೊಡುತ್ತಿದ್ದಳು. "ಈ ಊರಾಗ ಮಂದಿ ನಡಿಯೂದಿಲ್ರಿ. ಒಂದ ಬಾಗಲದಿಂದ ಇನ್ನೊಂದ ಬಾಗಲಕ್ಕ ದಾಟತಾರ ಅಷ್ಟ." ನಮ್ಮ ಕೂಲಿಯವರು ರಜೆಯ ಶುಕ್ರವಾರ ಮಾತ್ರ ಮೈ ಸಡಿಲ ಬಿಟ್ಟು ನಡೆಯುತ್ತಾರೆ, ಉಳಿದ ದಿನ ಹಿಂದೆ ಯಾರೋ ಕರೆದಾರು ಎಂಬ ಹಾಗೆ ಕಿವಿ ಹಿಂದಕ್ಕಿಟ್ಟುಕೊಂಡು ನಡೆಯುತ್ತಾರೆ ಅನ್ನುತ್ತಿದ್ದಳು. ನೋಡಿದರೆ ಹೌದು. ಅಷ್ಟು ವರ್ಷ ಅಲ್ಲಿದ್ದ ನನಗೆ ಕಂಡಿರಲಿಲ್ಲ. ನಮ್ಮ ಪ್ರಿನ್ಸಿಪಾಲರಿಗೆ ಆಕೆ ಇಟ್ಟ ಹೆಸರು ಟಗರು: "ಹಾಯೂದಿಲ್ಲ, ಆದ್ರ ತಲೀ ಯಾವಾಗಲೂ ಬಗ್ಗಿಸಿಕೊಂಡ ಬರತಾರ." ನನ್ನನ್ನೂ ಬಿಡಲಿಲ್ಲ. "ನೀವು ಇಂಗ್ಲಿಷ್ ಮಾತಾಡೂಮುಂದ ನಿಮ್ಮ ಕುತ್ತಿಗಿ ಎರಡ ಬಟ್ಟ ಉದ್ದ ಆಗತೈತ್ರಿ. ಕನ್ನಡಕ್ಕ ಬಂದಕೂಡ್ಲೆ ಒಳಗ ಹೋಗತೈತಿ." ಆ ಸಂಜೆ ಕನ್ನಡಿಯ ಮುಂದೆ ನಿಂತು ಪರೀಕ್ಷೆ ಮಾಡಿದೆ. ಸುಳ್ಳಲ್ಲ.

ಬಸ್ಸಿನಲ್ಲಿ ದಿನಾ ತುಂಬುವ ಒಂದು ಹಾಳೆ ಇತ್ತು. ಎಷ್ಟು ಮಕ್ಕಳು ಹತ್ತಿದರು, ಎಷ್ಟು ಇಳಿದರು, ಕೆಳಗೆ ಇಬ್ಬರ ಸಹಿ. ಹೆಡ್ ಕೌಂಟ್ ಅಟೆಂಡೆಂಟ್ ಮಾಡಬೇಕು, ಟೀಚರ್ ತಾಳೆ ನೋಡಬೇಕು ಎಂದು ನಿಯಮ. ಆಕೆ ಎಣಿಸುತ್ತಿರಲಿಲ್ಲ. ಎಣಿಕೆ ಬರುವುದಿಲ್ಲವೇನೋ ಎಂದು ನಾನು ಮೊದಲು ತಿಳಿದಿದ್ದೆ.

"ಬರತೈತ್ರಿ. ರೊಟ್ಟಿ ಎಣಸ್ತೀನಿ, ದಿನಾ ಎಣಸ್ತೀನಿ. ಜೀವ ಇದ್ದದ್ದನ್ನ ಎಣಸಂಗಿಲ್ಲ. ಕುರಿ ಎಣಿಸಿದ್ರ ನಮ್ಮಪ್ಪ ಕೈ ಮ್ಯಾಲ ಕೊಡತಿದ್ದ. ಎಣಿಸಿದ್ದು ಕಡಿಮಿ ಆಗತೈತಿ ಅಂತ."

"ಮತ್ತ ಒಂದು ತಪ್ಪಿಸಿಕೊಂಡ್ರ ಹ್ಯಾಂಗ ತಿಳೀತಿತ್ತು ನಿಮಗ?"

"ಇಲ್ಲದ್ದು ಕಾಣತೈತೆಲ್ರಿ" ಅಂದಳು. ನಾನು ಅರ್ಥವಾಗದೆ ನೋಡಿದ್ದಕ್ಕೆ ಮತ್ತೆ ಹೇಳಿದಳು: "ಇದ್ದದ್ದು ಒಮ್ಮೊಮ್ಮಿ ಕಣ್ಣಿಗಿ ಬೀಳಂಗಿಲ್ಲ. ಇಲ್ಲದ್ದು ಕಾಣತೈತಿ."

ಹೀಗಾಗಿ ನಮ್ಮೊಳಗೆ ಒಂದು ಅರೇಂಜ್‌ಮೆಂಟ್ ಆಯಿತು. ನಾನು ಎಣಿಸುವುದು, ಆಕೆ ನೋಡುವುದು. ಸಂಖ್ಯೆಯನ್ನು ಎರಡೂ ಕಡೆ ನಾನೇ ಬರೆಯುತ್ತಿದ್ದೆ, ಆಕೆ ಕನ್ನಡದಲ್ಲಿ ನಿಧಾನವಾಗಿ ಸಹಿ ಮಾಡುತ್ತಿದ್ದಳು. ಎರಡು ವರ್ಷ ಒಂದು ದಿನವೂ ತಪ್ಪಾಗಲಿಲ್ಲ. ಯಾವ ಮಗು ಬಂದಿಲ್ಲ, ಯಾವುದು ಬಂದೂ ಮನಸ್ಸು ಮನೆಯಲ್ಲೇ ಬಿಟ್ಟಿದೆ, ಯಾವುದಕ್ಕೆ ಮೈ ಕಾದಿದೆ, ಎಲ್ಲ ಒಂದು ಸಲ ಕಣ್ಣು ಹಾಯಿಸಿದರೆ ತಿಳಿಯುತ್ತಿತ್ತು ಆಕೆಗೆ.

ಆ ದಿನ ಮೇ ತಿಂಗಳದ್ದು. ನಮಗೆ ತಡವಾಗಿತ್ತು, ಗೇಟಿನ ಒಳಗೆ ಅಸೆಂಬ್ಲಿಯ ಬೆಲ್ ಹೊಡೆದಾಗಿತ್ತು. ದಿನಾ ಆಕೆ ಎಲ್ಲರನ್ನೂ ಇಳಿಸಿ, ಹಿಂದಿನ ಸೀಟಿನ ತನಕ ನಡೆದು ಬಂದು, ಕೊನೆಗೆ ಇಳಿಯುತ್ತಿದ್ದಳು. ನಾನೇ ಅವಸರ ಮಾಡಿದೆ. "ನೀ ಸಣ್ಣ ಹುಡುಗರನ್ನ ಕರಕೊಂಡ ಮುಂದ ನಡಿ, ಟಗರು ಗೇಟಿನಾಗ ನಿಂತೈತಿ. ಉಳದವರನ್ನ ನಾ ನೋಡತೀನಿ" ಅಂದೆ. ಆಕೆ ಒಮ್ಮೆ ಹಿಂದಕ್ಕೆ ನೋಡಿ, ಕೆಜಿ ಮಕ್ಕಳ ಕೈ ಹಿಡಿದು ಹೋದಳು.

ನಾನು ಬಾಗಿಲಲ್ಲಿ ನಿಂತು ಎಣಿಸಿದೆ. ಸಣ್ಣವರೂ ಸೇರಿ ಇಪ್ಪತ್ತೇಳು. ಹತ್ತಿದವರು ಇಪ್ಪತ್ತೇಳು. ಬರೆದು, ಸಹಿ ಮಾಡಿ, ಇಳಿದೆ. ಡ್ರೈವರ್ ಬಸ್ಸನ್ನು ಅರ್ಧ ಮೈಲಿ ಆಚೆಗಿದ್ದ ಪಾರ್ಕಿಂಗ್ ಯಾರ್ಡಿಗೆ ಒಯ್ದ.

ನಾನು ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ಇಷ್ಟು. ಕೊನೆಯ ಸ್ಟಾಪಿನಲ್ಲಿ, ತನ್ನ ಬಸ್ಸು ತಪ್ಪಿಸಿಕೊಂಡಿದ್ದ ಬೇರೆ ರೂಟಿನ ಹುಡುಗಿಯೊಬ್ಬಳನ್ನು ಅವಳ ತಂದೆ ನಮ್ಮ ಬಸ್ಸಿಗೆ ಹತ್ತಿಸಿದ್ದ. ನಾನು ಹತ್ತಿಸಿಕೊಂಡೆ, ಹಾಳೆಯಲ್ಲಿ ಸೇರಿಸಲಿಲ್ಲ. ಇಳಿಯುವಾಗ ಅವಳೂ ಇಳಿದಳು, ಎಣಿಕೆಯಲ್ಲಿ ಸೇರಿದಳು. ಅವಳು ತುಂಬಿದ ಜಾಗ ನಮ್ಮ ಬಸ್ಸಿನದೇ ಒಂದು ಐದು ವರ್ಷದ ಹುಡುಗಿಯದು. ಆ ಮಗು ಹಿಂದಿನ ಉದ್ದ ಸೀಟಿನ ಮೇಲೆ ಬ್ಯಾಗ್ ತಲೆದಿಂಬು ಮಾಡಿಕೊಂಡು ನಿದ್ದೆ ಹೋಗಿತ್ತು.

ಆಕೆ ಗೇಟಿನ ಕಡೆಯಿಂದ ತಿರುಗಿ ಬಂದಳು. "ಅಕ್ಕಾರ, ಒಂದ ಇಳದಿಲ್ಲ."

"ಎಣಿಸೀನಿ. ಇಪ್ಪತ್ತೇಳು ಬರೋಬ್ಬರಿ ಐತಿ. ತಗೋ, ಸಹಿ ಮಾಡು."

"ನಿಮ್ಮ ಎಣಿಕಿ ಖರೆ ಇರಬಹುದ್ರಿ. ಹಿಂದಿನ ಸೀಟಿನಾಕಿ ನನಗ ಗೇಟಿನಾಗ ಕಾಣಲಿಲ್ಲ."

"ಡೋಂಟ್ ಬಿ ಸಿಲ್ಲಿ" ಅಂದೆ, ಇಂಗ್ಲಿಷಿನಲ್ಲಿ. ಕುತ್ತಿಗೆ ಎರಡು ಬಟ್ಟು ಉದ್ದವಾಗಿರಬೇಕು. ಆಕೆ ಪೆನ್ನು ತೆಗೆದುಕೊಂಡು ಸಹಿ ಮಾಡಿದಳು, ಅಕ್ಕಾರು ಹೇಳಿದರೆಂದು. ಮಾಡಿ, ಪೆನ್ನು ನನ್ನ ಕೈಗಿಟ್ಟು, ಓಡತೊಡಗಿದಳು. ಐವತ್ತರ ಹತ್ತಿರದ ಹೆಂಗಸು, ಸೀರೆ ಎತ್ತಿ ಕಟ್ಟಿ, ಆ ಬಿಸಿಲಲ್ಲಿ ಡಾಂಬರಿನ ಮೇಲೆ ಯಾರ್ಡಿನ ಕಡೆ. ಒಂದು ಚಪ್ಪಲಿ ಕಳಚಿ ರಸ್ತೆಯ ನಡುವೆ ಬಿತ್ತು. ಆಕೆ ಅದಕ್ಕಾಗಿ ನಿಲ್ಲಲಿಲ್ಲ. ನಾನು ಆ ಬೆನ್ನನ್ನು ನೋಡುತ್ತ ನಿಂತಿದ್ದೆ.

ಮಗು ಬದುಕಿತು. ಇಪ್ಪತ್ತು ನಿಮಿಷ, ಅಷ್ಟೇ. ಬೀಗ ಹಾಕಿ ಹೋಗಿದ್ದ ಡ್ರೈವರನನ್ನು ಹುಡುಕಿ ಎಳೆದುತಂದು ಬಾಗಿಲು ತೆಗೆಸಿದ್ದಳಂತೆ. ಮಗು ಎಚ್ಚತ್ತು, ಬೆವರಿನಲ್ಲಿ ಅದ್ದಿ ತೆಗೆದ ಹಾಗಾಗಿ, ಗಾಜಿಗೆ ಎರಡೂ ಕೈ ಹಚ್ಚಿ ನಿಂತಿತ್ತಂತೆ. ಒಂದು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ಮನೆಗೆ ಕಳಿಸಿದರು.

ಮರುದಿನ ಪ್ರಿನ್ಸಿಪಾಲರ ಕೋಣೆಯಲ್ಲಿ ವಿಚಾರಣೆ. ಪ್ರಿನ್ಸಿಪಾಲ್, ಬಸ್ ಕಾಂಟ್ರ್ಯಾಕ್ಟರ್, ಮಗುವಿನ ತಂದೆ, ನಾನು, ಆಕೆ. ಆಕೆಯ ಹಿಂದಿ ಬಸ್ಸಿನ ಹಿಂದಿ: ಬೈಠೋ, ಚುಪ್, ಪಾನಿ ಪಿಯೋ. ಅಲ್ಲಿ ಅದು ಸಾಲಲಿಲ್ಲ. ಗಾಬರಿಯಲ್ಲಿ ಕನ್ನಡಕ್ಕೆ ಬಂದಳು. ಪ್ರಿನ್ಸಿಪಾಲ್ ನನ್ನ ಕಡೆ ತಿರುಗಿ, "ಮ್ಯಾಡಮ್, ಯು ನೋ ಹರ್ ಲ್ಯಾಂಗ್ವೇಜ್. ಪ್ಲೀಸ್ ಟ್ರಾನ್ಸ್‌ಲೇಟ್" ಅಂದರು.

ಆಕೆ ಹೇಳಿದ್ದು ಇದು. ನನಗೆ ಒಂದೊಂದು ಅಕ್ಷರ ನೆನಪಿದೆ: "ಅಕ್ಕಾರು ನನ್ನ ಸಣ್ಣ ಹುಡುಗರ ಜೋಡಿ ಮುಂದ ಕಳಿಸಿದ್ರು. ಅದಕ್ಕ ಹಿಂದಿನ ಸೀಟ ನೋಡಾಕ ಆಗಲಿಲ್ಲ."

ನಾನು ಇಂಗ್ಲಿಷಿನಲ್ಲಿ ಹೇಳಿದೆ: ಈಕೆ ಸಣ್ಣ ಮಕ್ಕಳ ಜೊತೆ ಮುಂದೆ ಹೋದಳಂತೆ, ಹಾಗಾಗಿ ಹಿಂದಿನ ಸೀಟು ನೋಡಲಿಲ್ಲವಂತೆ.

ಒಂದು ಮಾತೂ ಸುಳ್ಳಲ್ಲ. ನಾನು ಕಳಿಸಿದ್ದು ಎಂಬುದೊಂದು ಬಿಟ್ಟುಹೋಯಿತು. ಬಿಟ್ಟುಹೋಯಿತು ಎಂದು ಬರೆಯುತ್ತಿದ್ದೇನೆ, ನೋಡಿ, ಈಗಲೂ. ಬಿಟ್ಟೆ. ನನಗಾಗ ಐವತ್ತೆಂಟು. ರಿಟೈರ್‌ಮೆಂಟಿಗೆ ಇನ್ನೆರಡು ವರ್ಷ. ನೌಕರಿ ಹೋದರೆ ತಿಂಗಳೊಳಗೆ ದೇಶ ಬಿಡಬೇಕು, ಮುಖಕ್ಕೆ ಮಸಿ ಬಳಿದುಕೊಂಡು. ಇದೂ ಅರೆ ಕ್ಷಣದ ಲೆಕ್ಕಾಚಾರವೇ.

ಕಾಂಟ್ರ್ಯಾಕ್ಟರ್ ಹಾಳೆಯ ಮೇಲಿನ ಆಕೆಯ ಸಹಿಯ ಮೇಲೆ ಬೆರಳಿಟ್ಟ. ಹಿಂದಿನ ಸೀಟು ನೋಡದೆ ಸಹಿ ಮಾಡಿದ್ದಾಳೆ. ಮತ್ತೇನು ಬೇಕು? ಆಕೆಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಏನಾಯಿತೆಂದು ತಿಳಿಯಿತು. ನನ್ನ ಮುಖ ನೋಡಲಿಲ್ಲ. ಕಿಟಕಿಯ ಕಡೆ ತಿರುಗಿ ಹೊರಗೆ ನೋಡಿದಳು.

ವಾರದೊಳಗೆ ಆಕೆಯನ್ನು ಊರಿಗೆ ಕಳಿಸಿದರು. ಆ ವಾರ ನಾನು ಬೇರೆ ಟೀಚರೊಬ್ಬರ ಕಾರಿನಲ್ಲಿ ಸ್ಕೂಲಿಗೆ ಹೋದೆ.

ಸುದ್ದಿ ಆಕೆಗಿಂತ ಮೊದಲೇ ಊರು ಸೇರಿತ್ತು. ಅದೇ ಕಾಂಟ್ರ್ಯಾಕ್ಟರನ ಹತ್ತಿರ ಆಕೆಯ ಸೀಮೆಯ ಕಣಗಲಾ ಊರಿನ ಒಬ್ಬ ಕ್ಲೀನರ್ ಇದ್ದ. ಅವನು ಫೋನಿನಲ್ಲಿ ಹೇಳಿದ್ದಿಷ್ಟು: ಆಕಿ ಕೂಸಿನ ಬಸ್ಸಿನಾಗ ಬಿಟ್ಟ ಬಂದಳು, ಹೊರಗ ಹಾಕಿದ್ರು. ಕುರಿಯವರ ಮನೆಯಲ್ಲಿ ಇದರ ಅರ್ಥವೇನು ಎಂದು ನನಗೆ ಆಗ ಗೊತ್ತಿರಲಿಲ್ಲ. ಕಳ್ಳಿ ಅಂದಿದ್ದರೆ ಒಂದು ದಿನ ಮರೆಯುತ್ತಿದ್ದರೇನೋ. ಒಂದನ್ನು ಹಿಂದೆ ಬಿಟ್ಟು ಬಂದವಳನ್ನು ಮರೆಯುವುದಿಲ್ಲ.

ಎರಡು ವರ್ಷದ ನಂತರ ನಾನು ರಿಟೈರ್ ಆಗಿ ಗೋಕಾಕಕ್ಕೆ ಬಂದೆ. ಸ್ಕೂಲಿನವರು ಒಂದು ಬೆಳ್ಳಿಯ ತಟ್ಟೆ ಕೊಟ್ಟು ಕಳಿಸಿದರು. ಬಂದ ಮೂರನೆಯ ತಿಂಗಳಿಗೆ ಆಕೆಯನ್ನು ಹುಡುಕಿಕೊಂಡು ಹೋದೆ. ಆಕೆ ಮೂಡಲಗಿಯಲ್ಲಿ ಮಗಳ ಜೊತೆ ಎರಡು ಕೋಣೆಯ ಮನೆಯಲ್ಲಿದ್ದಳು, ಮಂದಿಗೆ ಹಳೇ ಸೀರೆಗಳ ಕೌದಿ ಹೊಲಿದುಕೊಡುತ್ತಿದ್ದಳು. ಬಾಗಿಲಲ್ಲಿ ನನ್ನನ್ನು ನೋಡಿ ಏನೂ ಆಗದವಳಂತೆ, "ಬರ್ರಿ ಅಕ್ಕಾರ, ಬರ್ರಿ. ಬಿಸಲಾಗ ಬಂದ್ರಿ" ಅಂದಳು.

ಆಮೇಲೆ ವರ್ಷಕ್ಕೆ ಎರಡು ಮೂರು ಸಲ ಹೋಗುತ್ತಿದ್ದೆ. ಮುಂಚೆ ಫೋನ್ ಮಾಡಿ ಹೋಗುವುದು ನನ್ನ ಪದ್ಧತಿ, ಕಾನ್ವೆಂಟಿನ ಮ್ಯಾನರ್ಸ್. ಆಕೆ ಪರದೇಶದ ಮಾತು ತೆಗೆಯುತ್ತಿದ್ದಳು. ಇಲ್ಲಿಯ ಮಂದಿಯನ್ನು ಅಲ್ಲಿಯವರ ಜೊತೆ ಹೋಲಿಸುತ್ತಿದ್ದಳು. "ಇಲ್ಲಿ ಮಂದಿ ಭಾಳ ನೋಡತಾರ್ರಿ, ಆದ್ರ ಬರೇ ಮಾರಿ ನೋಡತಾರ." ನಗುತ್ತಿದ್ದೆವು. ಆ ವಿಷಯ ಬಿಟ್ಟು ಎಲ್ಲ ವಿಷಯ ಬರುತ್ತಿತ್ತು. ಹೊರಗಿನ ಕಟ್ಟೆಯ ಮೇಲೆ ಕಂಬಳಿ ಹೊದ್ದ ಮುದುಕನೊಬ್ಬ ಬಾಗಿಲಿಗೆ ಕಿವಿಗೊಟ್ಟ ಹಾಗೆ ಕೂತಿರುತ್ತಿದ್ದ, ಓಣಿಯವನು ಯಾರೋ ಎಂದುಕೊಂಡಿದ್ದೆ. ಒಂದು ಸಲ ಮಾತ್ರ ಧೈರ್ಯ ಮಾಡಿ ಬಾಯಿ ತೆರೆದೆ. ಅವತ್ತು ಮಸ್ಕತ್ತಿನಾಗ, ಅಂದೆ. ಆಕೆ ಬಾಗಿಲಿನಾಚೆ ಒಮ್ಮೆ ಕಣ್ಣು ಹಾಯಿಸಿ, "ಇವತ್ತ ಬ್ಯಾಡ ಬಿಡ್ರಿ" ಅಂದಳು. ಮೆಲ್ಲಗೆ ಅಂದಳು.

ನಾನು ಅದನ್ನು ಕ್ಷಮೆ ಎಂದು ತಿಳಿದೆ. ಬಸ್ಸಿನಲ್ಲಿ ಗೋಕಾಕಕ್ಕೆ ಮರಳುವಾಗ ಮೈ ಹಗುರಾಗಿತ್ತು. ಎಷ್ಟು ದೊಡ್ಡ ಮನಸ್ಸು, ಅನ್‌ಲೆಟರ್ಡ್ ಹೆಣ್ಣುಮಗಳು, ಎಷ್ಟು ಗ್ರೇಸ್ ಎಂದು ಡೈರಿಯಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಂಡೆ. ಮತ್ತೆಂದೂ ಬಾಯಿ ತೆರೆಯಲಿಲ್ಲ. ಕ್ಷಮೆ ಸಿಕ್ಕ ಮೇಲೆ ಕೆದಕುವುದು ಯಾಕೆ?

ಮೂರು ದಿನದ ಜ್ವರದಲ್ಲಿ ಆಕೆ ಹೋಗಿಬಿಟ್ಟಳು. ನನಗೆ ತಿಳಿದಾಗ ಮಣ್ಣು ಮಾಡಿ ಆಗಿತ್ತು. ದಿನಕರ್ಮ ಮುಗಿದ ಮೇಲೆ ಮೂಡಲಗಿಗೆ ಹೋದೆ. ಮಗಳೊಬ್ಬಳೇ ಇದ್ದಳು. ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ಕೆಲಸ ಅವಳಿಗೆ, ದಿನಾ ಬಸ್ಸಿಗೆ ಹೋಗಿಬರುತ್ತಾಳೆ. ಆಕೆಯ ಹಾಗೆಯೇ ಎಡಭುಜ ಕೆಳಗೆ. ನಾನು ಕುರ್ಚಿಯಲ್ಲಿ ಕೂತು, ಅವಳ ಮುಂದೆ ಎಲ್ಲ ಹೇಳಿದೆ. ನಿನ್ನ ಅವ್ವ ಮಗುವನ್ನು ಬಿಟ್ಟು ಬಂದವಳಲ್ಲ, ನಾನೇ ಕಳಿಸಿದ್ದೆ, ಸುಳ್ಳು ನನ್ನದು ಎಂದೆ.

ಅವಳು ಅಳಲಿಲ್ಲ. "ನನಗ ಗೊತ್ತೈತ್ರಿ ಟೀಚರ್" ಅಂದಳು. "ಅವ್ವ ಬಂದ ವಾರದಾಗ ಹೇಳಿದ್ಲು. ನಾ ನಂಬಿದೆ. ಸ್ವಾದರಮಾವ ನಂಬಲಿಲ್ಲ."

"ಮತ್ತ ಅವ್ವ ನನಗ ಒಂದ ಮಾತೂ ಅನಲಿಲ್ಲಲ್ಲವಾ. ನಾ ಹೇಳಾಕ ಹೋದ್ರ ಬ್ಯಾಡ ಅಂದ್ಲು."

"ಅವತ್ತ ಮಾವ ಬಂದಿರಲಿಲ್ರಿ."

ನನಗೆ ತಿಳಿಯಲಿಲ್ಲ. ಅವಳೇ ಬಿಡಿಸಿ ಹೇಳಿದಳು, ಮೆತ್ತಗೆ, ಮಕ್ಕಳಿಗೆ ಹೇಳುವ ಹಾಗೆ. "ನೀವು ಬರತೀನಿ ಅಂತ ಫೋನ್ ಮಾಡಿದಾಗೊಮ್ಮಿ ಅವ್ವ ಮಾವನ್ನ ಕರಸ್ತಿದ್ಲು. ಅಕ್ಕಾರು ಇವತ್ತ ಹೇಳತಾರ, ನೀ ಬಂದ ಕಿವಿಲೆ ಕೇಳು ಅಂತ. ಮಾವ ಕುರಿ ಬಿಟ್ಟ ಬಂದ ಕಟ್ಟೀಮ್ಯಾಲ ಕುಂದರತಿದ್ದ. ನೀವು ಚಹಾ ಕುಡದ ಹೋಗತಿದ್ರಿ. ಒಂದ ಸಲ ಅವಗ ಬರಾಕ ಆಗಲಿಲ್ಲ. ನೀವು ಆವತ್ತ ಬಾಯಿ ತಗದ್ರಿ. ಅವ್ವ ಅಂದದ್ದು ಇವತ್ತ ಬ್ಯಾಡ ಅಂತ. ಎಂದೂ ಬ್ಯಾಡ ಅನಲಿಲ್ಲ."

ಅವಳೇ ಎದ್ದು ಚಪ್ಪಲಿ ಮೆಟ್ಟಿದಳು. "ನನ್ನ ಮುಂದ ಹೇಳಿ ಏನ ಉಪಯೋಗ್ರಿ? ಏಳ್ರಿ. ಮಾವನ ಹಟ್ಟಿ ಈಗ ಅರಭಾವಿ ಆಚೆ ಒಂದ ಹೊಲದಾಗ ಐತಿ."

ಅರಭಾವಿಯ ಬಸ್ಸು ಹಿಡಿದೆವು. ಇಳಿದು ಕಾಲುವೆಯ ಬದಿಗೆ ನಡೆದೆವು. ಅವಳು ಮುಂದೆ, ನಾನು ಹಿಂದೆ. ಕಬ್ಬು ಕಡಿದ ಹೊಲ, ನಡುವೆ ಹಟ್ಟಿ. ಹಿಂಡು ಮೇಯಲು ಹೋಗಿತ್ತು. ಬಲೆಯ ಬೇಲಿಯೊಳಗೆ ಎಳೆಮರಿಗಳಿದ್ದವು, ಬಾಜೂಕ್ಕೆ ಅದೇ ಕಂಬಳಿಯ ಮುದುಕ. ನನ್ನನ್ನು ನೋಡಿ ಎದ್ದು ನಿಂತು, ಕಂಬಳಿ ಜಾಡಿಸಿ ನೆಲಕ್ಕೆ ಹಾಸಿದ. "ಕುಂದರ್ರಿ ಬಾಯಾರ."

ನಾನು ಕೂರಲಿಲ್ಲ. ನಿಂತೇ ಹೇಳಿದೆ. ಬೇರೆ ರೂಟಿನ ಹುಡುಗಿ, ನನ್ನ ಎಣಿಕೆ, ನಾನು ಕಳಿಸಿದ್ದು, ಪ್ರಿನ್ಸಿಪಾಲರ ಕೋಣೆಯಲ್ಲಿ ಆಕೆ ಅಂದದ್ದು, ನಾನು ಇಂಗ್ಲಿಷಿನಲ್ಲಿ ಅಂದದ್ದು. ಈ ಸಲ ಏನೂ ಬಿಡಲಿಲ್ಲ. ಆತ ಕೈಯೊಳಗಿನ ಬಡಿಗೆಯನ್ನು ನೆಲಕ್ಕೆ ಊರಿ, ಅದರ ಮೇಲೆ ಗದ್ದ ಇಟ್ಟು ಕೇಳಿದ.

"ಆಕಿ ಓಡಿ ಹೋಗಿ ಬಾಗಲಾ ತಗಿಸಿದ್ಲೇನ್ರಿ?"

"ಹೌದು."

"ಅಷ್ಟ ಬಿಸಲಾಗ?"

"ಹೌದು. ಬರಿಗಾಲಿಲೆ. ಚಪ್ಲಿ ಬಿದ್ದಿತ್ತು."

ಆತ ಬಲೆಯೊಳಗಿನ ಮರಿಗಳ ಕಡೆ ನೋಡಿದ. ಸೋದರಸೊಸೆ ಅವನ ತೋಳಿನ ಮೇಲೆ ಕೈಯಿಟ್ಟಳು, ಆತ ಅದನ್ನು ಗಮನಿಸಲಿಲ್ಲ.

"ಹದಿಮೂರು ವರ್ಷ" ಅಂದ. "ಹಟ್ಟಿಗೆ ಬಂದಾಗೊಮ್ಮಿ ಮರಿ ಎತ್ತಿಕೊಳ್ಳಾಕ ಕೈ ಮುಂದ ಮಾಡತಿದ್ಲು. ನೀ ಸುಮ್ನ ಕುಂದರವಾ, ಹುಡುಗ್ಯಾರ ನೋಡಿಕೋತಾರ, ಅಂತಿದ್ದೆ. ಒಮ್ಮಿನೂ ಕೊಡಲಿಲ್ರಿ. ಆಕಿ ಹೇಳಿದ್ಲು ನನಗ ಎಲ್ಲಾ. ಸಾಲಿ ಕಲಿಸೂವ್ರು ಸುಳ್ಳ ಹೇಳತಾರೇನ, ನಿನ್ನ ತಪ್ಪ ಅವರ ಮ್ಯಾಲ ಹಾಕಬ್ಯಾಡ, ಅಂತ ನಾನ ಬೈದೆ."

ನಾನು ಏನೋ ಹೇಳಹೋದೆ. ತಪ್ಪಾಯಿತು ಎಂದಿರಬೇಕು. ಆತ ಕೈ ಎತ್ತಿ ತಡೆದ. ಸಿಟ್ಟಿನಿಂದಲ್ಲ.

"ನೀವು ಬಂದ ನನ್ನ ಮುಂದ ಹೇಳಿದ್ರಿ. ಚಲೋ ಆತು" ಅಂದ. "ನಾ ಯಾರ ಮುಂದ ಹೇಳಲಿ?"

ಕೇಳಿ ಅತ್ತ ತಿರುಗಿಕೊಳ್ಳಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತ. ಓದಿದವಳು, ಹೊರದೇಶ ಕಂಡು ಬಂದವಳು, ಇದಕ್ಕೆ ಏನಾದರೂ ದಾರಿ ಗೊತ್ತಿರಬಹುದು ಎಂದು ಆ ಮುದುಕ ಖರೆಯಾಗಿಯೂ ಕಾಯುತ್ತಿದ್ದ.